ದೋಣಿಯ ಹಿಂಬದಿಯ ಹಲಗೆ

ದೇವಿಕೊಪ್ಪದ ಬದಿಯ ಕೆರೆದಂಡೆಯಲ್ಲಿ ಎರಡು ವರ್ಷದಿಂದ ಬೋರಲು ಬಿದ್ದಿದ್ದ ಫೈಬರ್ ದೋಣಿಗಾಗಿ ಮರುಗುತ್ತಿದ್ದವನು ಹೊಳೆಪ್ಪ ಒಬ್ಬನೇ. ಉಳಿದವರಿಗೆ ಅದು ಕುರಿ ಮೇಯಿಸುತ್ತ ಬೆನ್ನು ಆನಿಸಲಿಕ್ಕೆ ಒಳ್ಳೆಯ ಜಾಗ. ಎಪ್ಪತ್ತೆರಡನೆಯ ಇಸವಿಯಲ್ಲಿ ಅದು ಮುಂಬಯಿಯಿಂದ ಲಾರಿಯ ಮೇಲೆ ಬಂದಾಗ ಊರಿಗೆ ಊರೇ ಹೋಗಿ ಮುಟ್ಟಿ ನೋಡಿತ್ತು. ಕಟ್ಟಿಗೆಯಲ್ಲ, ಕಬ್ಬಿಣವಲ್ಲ, ಬಡಿದರೆ ಡಬ್ ಡಬ್ ಅನ್ನುತ್ತದೆ! ಅದನ್ನು ನಡೆಸಲು ಸರಕಾರದವರು ಹೊಳೆಪ್ಪನನ್ನು ನೇಮಿಸಿಕೊಂಡರು. ಪ್ರತಿ ಸೋಮವಾರ ಆಚೆಯ ದಂಡೆಗೆ ಹೋಗಿ, ಅಲ್ಲಿ ನೆಟ್ಟ ಅಳತೆಗಲ್ಲಿನ ಮೇಲೆ ನೀರು ಎಷ್ಟು ಅಡಿ ಇದೆಯೆಂದು ನೋಡಿ ಬರುವುದು ಅವನ ಕೆಲಸ.

ಆ ಕಲ್ಲಿನ ಪಕ್ಕದಲ್ಲೇ ನೀಲಕ್ಕ ಬಟ್ಟೆ ಒಗೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದ ಹೆಂಗಸು. ಹೊಳೆಪ್ಪನ ಹೆಂಡತಿಯೂ ಸತ್ತು ಬಹಳ ವರ್ಷವಾಗಿತ್ತು. ಮೊದಲ ಸೋಮವಾರ ಅವಳು "ನೀರ ಎಷ್ಟ ಏರೇತ್ರಿ?" ಎಂದಳು, ಇವನು ಅಡಿ ಇಂಚು ಸಮೇತ ಹೇಳಿದ. ನಾಲ್ಕು ವರ್ಷದಲ್ಲಿ ಆ ಮಾತು ಎಮ್ಮೆ ಈದದ್ದು, ಮೊಣಕಾಲು ನೋವು, ಸತ್ತವರ ನೆನಪು, ಎಲ್ಲಕ್ಕೂ ಹಬ್ಬಿತು. ಅವಳು ಮಜ್ಜಿಗೆಯ ತಂಬಿಗೆ ಚಾಚುವಳು, ಇವನು ದೋಣಿಯಲ್ಲಿ ನಿಂತೇ ಕೈ ಚಾಚುವನು. ಮಹಾಶಯ ಒಂದು ದಿನವೂ ಕೆಳಗೆ ಇಳಿಯಲಿಲ್ಲ.

ಇಳಿದರೆ ಕಾರಣ ಬೇಕಲ್ಲ! ದೋಣಿಯಲ್ಲಿ ನಿಂತವನು ಸರಕಾರದ ಮನುಷ್ಯ, ಅವನನ್ನು ಯಾರೂ ಕೇಳುವ ಹಾಗಿಲ್ಲ. ಕೆರೆ ಸುತ್ತಿಕೊಂಡು ಒಂಬತ್ತು ಮೈಲು ನಡೆದು ಹೋದವನು ಬರೀ ಗಂಡಸು. ಯಾಕೆ ಬಂದೆ, ಯಾರ ಮನೆಗೆ ಬಂದೆ ಎಂದರೆ ಏನು ಹೇಳುವುದು? ಸುಮ್ಮನೆ ಅವಳಿಗೆ ಕೆಟ್ಟ ಹೆಸರು. ಹೊಳೆಪ್ಪ ಹೀಗೆ ಲೆಕ್ಕ ಹಾಕಿದ್ದ. ಹೆದರುಪುಕ್ಕಲನಿಗೆ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ.

ಎರಡು ವರ್ಷದ ಹಿಂದೆ ದೋಣಿ ಕೈಕೊಟ್ಟಿತು. ಇಂಜಿನ್ನು ತೂಗುಹಾಕುವುದು ದೋಣಿಯ ಹಿಂಬದಿಯ ಗೋಡೆಗೆ. ಆ ಗೋಡೆಗೆ ಹೊರಗೂ ಒಳಗೂ ಫೈಬರ್, ನಡುವೆ ಕಟ್ಟಿಗೆಯ ಹಲಗೆ. ಬೋಲ್ಟಿನ ತೂತಿನಲ್ಲಿ ನೀರು ಇಳಿದಿಳಿದು ಹಲಗೆ ಕೊಳೆತಿತ್ತು. ಇಂಜಿನ್ನು ಕುಡಿದವನ ಹಾಗೆ ಹಿಂದಕ್ಕೆ ವಾಲಿತು. ಕಚೇರಿಗೆ ಬರೆದರು, ಕಚೇರಿಯವರು ಮೇಲಕ್ಕೆ ಬರೆದರು. ಅಲ್ಲಿಯವರೆಗೆ ಕಲ್ಲು ನೋಡುವ ಕೆಲಸ ಆಚೆಯ ದಂಡೆಯ ಕಾವಲುಗಾರನಿಗೆ ಹೋಯಿತು. ಹೊಳೆಪ್ಪ ಮಾತ್ರ ಸೋಮವಾರ ಬಂತೆಂದರೆ ಕೊಠಡಿಯಲ್ಲಿದ್ದ ಇಂಜಿನ್ನಿಗೆ ಎಣ್ಣೆ ಬಿಟ್ಟು ಒರೆಸುತ್ತಿದ್ದ. ಆಮೇಲೆ ದಂಡೆಗೆ ಬಂದು ನಿಲ್ಲುತ್ತಿದ್ದ. ಆಚೆಯ ದಂಡೆಯಲ್ಲಿ ಯಾರೋ ಬಟ್ಟೆ ಎತ್ತಿ ಬಡಿಯುವುದು ಕಾಣುತ್ತಿತ್ತು. ಅವಳೋ ಅಲ್ಲವೋ ಗೊತ್ತಾಗುತ್ತಿರಲಿಲ್ಲ. ಅವಳೇ ಎಂದುಕೊಳ್ಳುತ್ತಿದ್ದ.

ಎಪ್ಪತ್ತೆಂಟರ ಮಾಘದಲ್ಲಿ ಕಚೇರಿಯಿಂದ ಫೈಬರ್ ಬೆಸೆಯುವ ಎರಡು ಡಬ್ಬಿ ರಾಳ, ಒಂದು ಸುರುಳಿ ಗಾಜುನಾರಿನ ಬಟ್ಟೆ ಬಂತು. ಹಚ್ಚುವವರು ಬರಲಿಲ್ಲ. ಅದೇ ವಾರ ಎರಡೂ ದಂಡೆಯ ಊರು ತಿರುಗುವ ಬಳೆಗಾರ್ತಿ ಜರೀನಾಬಿ ಬಂದು, ಬುಟ್ಟಿ ಇಳಿಸುತ್ತಲೇ ಹೇಳಿದಳು.

"ನೀಲಕ್ಕ ಊರ ಬಿಡತಾಳಂತೋ ಹೊಳೆಪ್ಪಾ. ಎಮ್ಮಿ ಮಾರ್‍ಯಾಳ. ಇನ್ನ ಎಂಟ ದಿನಕ್ಕ, ಮಂಗಳವಾರ ಹೋಗತಾಳಂತ."

"ಎಲ್ಲಿಗಿ?"

"ನಾ ಕೇಳಿಲ್ಲ. ಅಣ್ಣನ ಮನಿ ಅಣ್ಣಿಗೇರ್‍ಯಾಗ ಐತಲ್ಲ."

ನೀಲಕ್ಕನನ್ನು ಉಡಿಕೆ ಮಾಡಿಕೊಳ್ಳುವುದೆಂದು ಹೊಳೆಪ್ಪ ಮನಸ್ಸಿನಲ್ಲಿ ನಿಶ್ಚಯಿಸಿ ಮೂರು ವರ್ಷವಾಗಿತ್ತು. ವಿಧವೆಗೆ ಸೀರೆ ಉಡಿಸಿ ಮನೆಗೆ ಕರೆತರುವುದು ಆ ಸೀಮೆಯಲ್ಲಿ ಹೊಸದೇನಲ್ಲ. ಕೇಳುವುದಷ್ಟೇ ಬಾಕಿ ಇತ್ತು.

ಅಂದೇ ಗಾಡಿ ಮಾಡುವ ಬಡಿಗೇರ ಮೌನಪ್ಪನ ಮುಂದೆ ಹೋಗಿ ಕೂತ. ಮೌನಪ್ಪನ ಕೈಯಿಂದ ಹೊರಟ ಗಾಲಿ ಇಪ್ಪತ್ತು ವರ್ಷ ಅಲುಗುತ್ತಿರಲಿಲ್ಲ. ಇಬ್ಬರೂ ಸೇರಿ ಒಳಗಿನ ಫೈಬರ್ ಕೊಯ್ದು, ಉಳಿಯಿಂದ ಕೊಳೆತದ್ದನ್ನು ಕೆತ್ತಿ ತೆಗೆದರು. ನೆನೆಸಿದ ಹಿಂಡಿಯಂತೆ ಕಪ್ಪಗೆ ಬುಟ್ಟಿಗಟ್ಟಲೆ ಬಂತು. ಖಾಲಿ ಜಾಗದ ಅಳತೆಗೆ ರಟ್ಟು ಕತ್ತರಿಸಿ ಮೌನಪ್ಪ ಮನೆಗೆ ಒಯ್ದ. "ಶನಿವಾರ ಬಾ. ಹಲಗಿ ಹೆಂಗ ಕೂಡತೈತಿ ನೋಡೀಯಂತ."

ಶನಿವಾರ ಹೋದರೆ ಮೌನಪ್ಪ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ಕಲ್ಲು ಹೇರಿ ಮುಳುಗಿಸಿಟ್ಟಿದ್ದ ಸಾಗವಾನಿ ಹಲಗೆಯನ್ನು ಎತ್ತುತ್ತಿದ್ದ. ಅವನ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಇದೇನ ಮಾಡಿದೆಲೇ ಮೌನ್ಯಾ!"

"ನಾಕ ದಿನ ನೀರ ಕುಡಿಸೇನಿ. ಗಾಲಿ ಸಡಲಾದ್ರ ನೀರಾಗ ಹಾಕೂದಿಲ್ಲೇನು? ಉಬ್ಬಿ ಬಿಗಿ ಆಗತೈತಿ. ನೀರಾಗ ಇರೂ ಕಟಗಿ ಮೊದಲ ನೀರ ಕುಡದಿರಬೇಕು."

ಮೌನಪ್ಪನನ್ನು ಬೈಯುವುದು ಹೇಗೆ? ಗಾಡಿಯ ಮಟ್ಟಿಗೆ ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಹಿಂದೆ ಮುಂಬಯಿಯ ಮೆಕ್ಯಾನಿಕನೊಬ್ಬ ದೋಣಿಯ ತಳಕ್ಕೆ ತೇಪೆ ಹಾಕುವಾಗ ಹೊಳೆಪ್ಪ ಪಕ್ಕದಲ್ಲೇ ಇದ್ದ. ಕಟ್ಟಿಗೆ ಹಪ್ಪಳದಂತೆ ಒಣಗಿರಬೇಕು, ಹಸಿ ಇದ್ದರೆ ರಾಳ ಹಿಡಿಯುವುದಿಲ್ಲ ಎಂದು ಅವನು ಹತ್ತು ಸಲ ಹೇಳಿದ್ದ. ಈ ಹಲಗೆ ಒಣಗಲು ತಿಂಗಳು ಬೇಕು. ನೀಲಕ್ಕ ಮಂಗಳವಾರ ಹೊರಡುತ್ತಾಳೆ.

ಒಂದು ದಿನ ಬಿಸಿಲಿಗೆ ಹಿಡಿದು, ಕಬ್ಬಿಣದ ಹೆಂಚು ಕಾಸಿ ತಿಕ್ಕಿ, ರವಿವಾರ ಸಂಜೆ ಕೂರಿಸಿಯೇ ಬಿಟ್ಟರು. ರಾಳ ಹಚ್ಚಿದ ಕಡೆಯೆಲ್ಲ ಹಾಲಿನ ಬಣ್ಣಕ್ಕೆ ತಿರುಗಿತು. ಅದು ಹಿಡಿದಿಲ್ಲವೆಂದು ಹೊಳೆಪ್ಪನಿಗೆ ಗೊತ್ತಾಯಿತು. ಒಂದೇ ಸಲ, ಆಚೆಗೆ ಒಂದೇ ಸಲ ಮುಟ್ಟಿಸಿದರೆ ಸಾಕು ಎಂದು ಕೈಮುಗಿದ.

ಸೋಮವಾರ ಮುಂಜಾನೆ ಗಡ್ಡ ಹೆರೆಸಿಕೊಂಡು, ಒಗೆದ ಧೋತರ ಉಟ್ಟು ಇಂಜಿನ್ನು ಬಿಗಿದ. ಹಗ್ಗ ಜಗ್ಗಿದ ನಾಲ್ಕನೆಯ ಸಲಕ್ಕೆ ಅದು ಗುಡುಗಿತು. ಎರಡು ವರ್ಷದ ಮೇಲೆ ಆ ಸದ್ದು ಕೇಳಿ ಅವನ ಕಣ್ಣು ತುಂಬಿದವು. ಮುಕ್ಕಾಲು ಕೆರೆ ದಾಟಿದ್ದ, ಕಲ್ಲಿನ ಬಳಿ ಸೀರೆಯೊಂದು ಕಾಣುತ್ತಿತ್ತು. ಆಗ ಹಿಂದಿನಿಂದ ಹಪ್ಪಳ ಮುರಿದಂತಹ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಫೈಬರ್ ಸಿಬಿರೆದ್ದು, ಹಲಗೆ ಕಿತ್ತುಕೊಂಡು, ಇಂಜಿನ್ನು ಗುಳುಕ್ಕೆಂದು ಮುಳುಗಿತು. ಸರಕಾರದ ಇಂಜಿನ್ನು! ಅದರ ಚಿಂತೆಗೂ ಪುರಸೊತ್ತಿರಲಿಲ್ಲ, ನೀರು ಒಳಗೆ ನುಗ್ಗುತ್ತಿತ್ತು. ಕೂರುವ ಪಟ್ಟಿಯನ್ನೇ ಕಿತ್ತು ಹುಟ್ಟು ಹಾಕಿದ. ದೋಣಿ ದಂಡೆ ಮುಟ್ಟುವ ಮೊದಲೇ ಕೂತುಬಿಟ್ಟಿತು. ಉಳಿದ ಹತ್ತು ಮಾರು ಎದೆಮಟ್ಟದ ನೀರಲ್ಲಿ ನಡೆದು ಅವನು ಮೊದಲ ಬಾರಿಗೆ ಆಚೆಯ ದಂಡೆಗೆ ಕಾಲಿಟ್ಟ.

ನೀಲಕ್ಕ ಎದ್ದು ನಿಂತಿದ್ದಳು. ಸೊರಗಿದ್ದಳು. ಬರಿದಾಗಿರುತ್ತಿದ್ದ ಕೈಗಳಲ್ಲಿ ತುಂಬ ಹಸಿರು ಬಳೆ.

ವಿಧವೆಯ ಕೈಗೆ ಹಸಿರು ಬಳೆ ಬಂದರೆ ಅರ್ಥ ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೊಳೆಪ್ಪ ನೀರು ಸೋರುತ್ತಿದ್ದ ಧೋತರದ ತುದಿ ಹಿಂಡಿದ.

"ಯಾರು?" ಎಂದ.

"ಯಮನೂರ ಕಡ್ಯಾಂವ. ನಿನ್ನಿ ಬಳಿ ಇಡಿಸಿದ್ರು, ನಾಳೆ ಕರಕೊಂಡ ಹೋಗತಾರ." ಅವಳ ಕಣ್ಣು ಮುಳುಗಿದ ದೋಣಿಯ ಮೇಲಿತ್ತು. "ನಿಮ್ಮಂಗ ಮಾತಾಡಾಕ ಬರೂದಿಲ್ಲ ಅವಗ. ಆದ್ರ ಬಂದಾ. ಬಾಗಲದಾಗ ನಿಂತ ಕೇಳಿದಾ."

"ನಾನೂ ಕೇಳಾಕಂತನ... ದೋಣಿ ಕೆಟ್ಟಿತ್ತು ನೀಲಕ್ಕಾ. ಹಿಂದಿನ ಹಲಗಿ..."

"ದೋಣಿ ಕೆಟ್ಟಿತ್ತು, ಗೊತ್ತೈತಿ. ಕಾಲ ಏನಾಗಿದ್ದುವ್ರಿ?"

ಅವನು ಕೆಸರು ಮೆತ್ತಿದ ತನ್ನ ಕಾಲು ನೋಡಿಕೊಂಡ.

"ದೋಣಿ ಇಲ್ಲಂದ್ರ ನಡಕೋತ ಬರತಾರ ಅಂತ ತಿಳಕೊಂಡಿದ್ದೆ. ಒಂದ ವರ್ಷ ಸೋಮವಾರ ಸೋಮವಾರ ಮಜ್ಜಿಗಿ ತಗದ ಇಟ್ಟೆ. ಆಮ್ಯಾಲೆ ಕರುವಿಗೆ ಹಾಕಿದೆ."

ಅಷ್ಟು ಹೇಳಿ ಅವಳು ಬಟ್ಟೆಯ ಗಂಟು ತಲೆಗೇರಿಸಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ನಿಂತು, "ಒದ್ದಿ ಅರಿವ್ಯಾಗ ನಿಂದರಬ್ಯಾಡ್ರಿ, ಥಂಡಿ ಆದೀತು," ಎಂದಳು. ಆಮೇಲೆ ತಿರುಗಿ ನೋಡಲಿಲ್ಲ.

ಹೊಳೆಪ್ಪ ನಡೆದೇ ಊರಿಗೆ ಹೊರಟ. ಬೇರೆ ಉಪಾಯ ಇರಲಿಲ್ಲ. ಕೋಡಿಯ ಮೇಲೆ ಹಾಯ್ದು, ಜೋಳದ ಹೊಲಗಳ ಬದುವಿನಲ್ಲಿ, ಎರಡು ಒಣ ಹಳ್ಳ ಇಳಿದು ಹತ್ತಿದ. ಹಾದಿ ಚೆನ್ನಾಗಿತ್ತು. ಎದುರಾದವರು ಶರಣ್ರಿ ಎಂದರು, ಇವನೂ ಶರಣ್ರಿ ಎಂದ. ಮೈಮೇಲಿನ ಧೋತರ ದಾರಿಯಲ್ಲೇ ಒಣಗಿತು. ಕಾಲು ನೋಯಲಿ, ದಾರಿ ಇನ್ನೂ ಉದ್ದ ಇರಲಿ, ಕತ್ತಲಾದರೂ ಮುಗಿಯದಿರಲಿ ಎಂದು ಅವನು ಹಂಬಲಿಸುತ್ತಿದ್ದ. ದೇವಿಕೊಪ್ಪದ ಅಗಸಿ ಬಾಗಿಲಿಗೆ ಬಂದಾಗ ಶಾಲೆ ಇನ್ನೂ ಬಿಟ್ಟಿರಲಿಲ್ಲ.