ತಾಮು ನಡೆವ ಓಣಿ

ನನ್ನ ಹೆಂಡತಿ ತಾಮುವಿನ ಕಿವಿ ಹೋದದ್ದು ಒಂದು ಚಳಿಗಾಲದ ಜ್ವರದಲ್ಲಿ. ಆಗ ನಾವು ಫೆಸ್ ಊರಿನ ಕೋಟೆಗೋಡೆಯ ಹೊರಗೆ, ಹೊಸಪೇಟೆಯಲ್ಲಿದ್ದೆವು. ಮನೆಯ ಮುಂದೆಯೇ ಅಗಲವಾದ ರಸ್ತೆ. ಒಂದು ದಿನ ಪುದೀನ ತರಲು ದಾಟುವಾಗ ಕಾರೊಂದು ಅವಳ ನಿಲುವಂಗಿಯ ಅಂಚು ಸವರಿಕೊಂಡು ಹೋಯಿತು. ಕಾರಿನವನು ಹಾರನ್ ಹೊಡೆದನಂತೆ. ಗಾಜು ಇಳಿಸಿ, ಕಿವುಡಿಯೇನೇ ಎಂದು ಬೈದನಂತೆ. ಅವಳಿಗೆ ಅದೂ ಕೇಳಿಸಲಿಲ್ಲ. ನೋಡಿದವರು ಬಂದು ನನಗೆ ಹೇಳಿದರು.

ಅಂದಿನಿಂದ ನಾನು ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕತೊಡಗಿದೆ. ತಾಮು ಜಗಳ ಆಡಲಿಲ್ಲ. ಒಂದು ಸಂಜೆ ಬಂದು ನೋಡಿದರೆ ತಲೆಗೆ ಬಟ್ಟೆ ಸುತ್ತಿ, ಚಪ್ಪಲಿ ಮೆಟ್ಟಿ, ಬಾಗಿಲಿಗೆ ಮುಖ ಮಾಡಿ ಕುಳಿತಿದ್ದಳು. ಬೆಳಗಿನಿಂದ ಹಾಗೇ ಕುಳಿತಿದ್ದಳೋ ಏನೋ. ಮಾರನೆಯ ದಿನವೇ ಹಳೆಪೇಟೆಯಲ್ಲಿ ಮನೆ ಹುಡುಕಲು ಹೊರಟೆ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಅಲ್ಲೇ. ಅಲ್ಲಿ ಕಾರು ಕಾಲಿಡುವುದಿಲ್ಲ.

ಕನ್ಝಾ ಎಂಬ ವಿಧವೆಯ ಮಹಡಿಯಲ್ಲಿ ಎರಡು ಕೋಣೆ ಸಿಕ್ಕಿದವು. ಬಾಡಿಗೆಗಿಂತ ಮೊದಲು ನಾನು ಕೇಳಿದ್ದು, ಈ ಓಣಿಗೆ ಗಾಡಿ ಬರುತ್ತದೆಯೇ ಎಂದು. ಆಕೆ ನಕ್ಕುಬಿಟ್ಟಳು. ಮೆಕ್ಕಾ ನೋಡದ ನನ್ನನ್ನೂ ಬಿಳಿಗಡ್ಡದಿಂದಾಗಿ ಎಲ್ಲರೂ ಹಾಜಿ ಎನ್ನುತ್ತಾರೆ.

“ಹಾಜಿ, ಇಲ್ಲಿ ಕಾರು ಬರ್ಬೇಕಂದ್ರೆ ಮೊದ್ಲು ಅದು ಉಪವಾಸ ಬಿದ್ದು ತೆಳ್ಳಗಾಗ್ಬೇಕು” ಎಂದಳು.

ಮೊದಲ ಬೆಳಗ್ಗೆ ತಾಮು ಹಿಟ್ಟು ನಾದಿ, ರೊಟ್ಟಿ ತಟ್ಟಿ, ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಓಣಿಯವರೆಲ್ಲ ರೊಟ್ಟಿ ಬೇಯಿಸುವ ಭಟ್ಟಿಗೆ ಹೊರಟಳು. ಒಬ್ಬಳೇ. ಬಾಗಿಲು ದಾಟುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅಷ್ಟು ಹಿಗ್ಗು. ರಾತ್ರಿ ಮಳೆ ಬಿದ್ದು ಇಳಿಜಾರಿನ ಕಲ್ಲು ಹೊಳೆಯುತ್ತಿತ್ತು. ನಾನು ಓಣಿಗಿಳಿದು ನೋಡುತ್ತ ನಿಂತಂತೆ ಅವಳು ಕೆಳಗಿನ ತಿರುವಿನಲ್ಲಿ ಮರೆಯಾದಳು.

ಆಗ ಮೇಲಿನಿಂದ ಕೂಗು ಬಂತು: ಬಾಲಾಕ್, ಬಾಲಾಕ್.

ಹೇಸರಗತ್ತೆ ಬರುತ್ತಿದೆ, ದಾರಿ ಬಿಡಿ ಎಂಬ ಕೂಗು. ತೊಟ್ಟಿಲಿನಿಂದ ಕೇಳಿ ಬೆಳೆದವನು ನಾನು. ಯೋಚಿಸುವ ಮೊದಲೇ ನನ್ನ ಬೆನ್ನು ಗೋಡೆಗೆ ಅಂಟಿತು. ಓಣಿಯಲ್ಲಿದ್ದವರೆಲ್ಲ ಹಾಗೆಯೇ ಅಂಟಿಕೊಂಡರು. ಎರಡೂ ಬದಿಗೆ ಗ್ಯಾಸ್ ಸಿಲಿಂಡರ್ ಹೇರಿಕೊಂಡ ಪ್ರಾಣಿ ಜಾರುತ್ತ, ಗೊರಸು ಕೆರೆಯುತ್ತ ನನ್ನ ಹೊಟ್ಟೆ ಸವರಿ ಇಳಿಯಿತು. ಅದರ ಬೆನ್ನು ಕಂಡ ಮೇಲೆ ನನಗೆ ಹೊಳೆಯಿತು. ಈ ಊರು ಜನರನ್ನು ಕಾಯುವುದು ಕೂಗಿನಿಂದ. ಕೇಳಿಸದವಳನ್ನು ತಂದು ನಾನು ಇದರ ನಡುವೆ ಬಿಟ್ಟಿದ್ದೆ.

ಓಡಿದೆ. “ತಾಮೂ” ಎಂದು ಅರಚಿದೆ, ಕಿವಿ ಕೇಳದವಳಿಗೆ. ತಿರುವಿನಾಚೆ ಸಿಲಿಂಡರ್ ಗೋಡೆಗೆ ಬಡಿದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಆ ತಿರುವನ್ನು ದಾಟಬಾರದು, ಇಲ್ಲೇ ನಿಂತುಬಿಡಬೇಕು ಎನಿಸಿತು. ಅಂಥ ಹೆದರಿಕೆ ನಾನು ಕಂಡಿರಲಿಲ್ಲ.

ದಾಟಿದೆ. ಹಲಗೆ ನೆಲದ ಮೇಲೆ, ರೊಟ್ಟಿ ಕೆಸರಿನಲ್ಲಿ. ತಾಮು ಒಂದು ಹೊಸ್ತಿಲ ಮೇಲೆ ಕುಳಿತು ಕತ್ತು ಸವರಿಕೊಳ್ಳುತ್ತಿದ್ದಳು. ಪ್ರಾಣಿಯ ಬಿಸಿಯುಸಿರು ಅಲ್ಲಿಗೆ ತಗುಲಿತ್ತು. ಹೇಸರಗತ್ತೆ ಹೊಡೆಯುವ ಹುಡುಗ ಬೂಶ್ತಾ ಅದರ ಬಾಲಕ್ಕೆ ಜೋತುಬಿದ್ದು, ಹೇರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದ. ಅವನ ಮುಂಗೈ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು.

“ಎಷ್ಟ್ ಕೂಗ್ದೆ ಅಮ್ಮಾ, ಕಿವೀಗೂ ಹಿಟ್ಟು ಮೆತ್ಕೊಂಡಿದ್ದೀರಾ?” ಎಂದ.

“ಅವ್ಳಿಗೆ ಕಿವಿ ಕೇಳ್ಸಲ್ಲಪ್ಪ” ಎಂದೆ.

ಅವನು ಅಲ್ಲೇ, ಒದ್ದೆ ಕಲ್ಲಿನ ಮೇಲೇ ಕುಕ್ಕರಿಸಿದ.

ಮಧ್ಯಾಹ್ನ ನಾನು ಪೆಟ್ಟಿಗೆಯಿಂದ ಆ ಹಳೆಯ ಬೀಗ ಹೊರತೆಗೆದೆ. ತಾಮು ನೋಡಿದಳು. ಅಷ್ಟರಲ್ಲಿ ಬೂಶ್ತಾ ಕೈಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲೇರಿ ಬಂದ. ಕನ್ಝಾ ಚಹಾ ತಂದಳು. ಹೇಸರಗತ್ತೆಯವರಿಗೆಲ್ಲ ಹೇಳಿದ್ದೇನೆ ಎಂದ. ತಾಮು ಮುಂದೆ ಕಂಡರೆ ಅವರು ಕೂಗುವುದಿಲ್ಲ, ನಿಲ್ಲುತ್ತಾರೆ. ಹತ್ತಿರ ಇದ್ದವರು ಅವಳ ಹೆಗಲು ಮುಟ್ಟಿ ಗೋಡೆಗೆ ಕರೆಯಬೇಕು. ಅಲ್ಲಿಯವರೆಗೆ ಯಾರ ಸರಕೂ ಕದಲಕೂಡದು.

ನಾನು ಒಂದೇ ಮಾತು ಕೇಳಿದೆ. ಕಲ್ಲು ಒದ್ದೆಯಾಗಿದ್ದರೆ?

ಬೂಶ್ತಾ ಲೋಟ ಕೆಳಗಿಟ್ಟ. “ಒದ್ದೆ ಇದ್ರೆ ಅದು ನನ್ ಮಾತೂ ಕೇಳಲ್ಲ ಹಾಜಿ. ನಿಮ್ಮನೆ ಚಹಾ ಕುಡ್ದು ಸುಳ್ಳು ಹೇಳಲ್ಲ.”

ತಾಮು ನನ್ನ ಮಣಿಕಟ್ಟು ತಟ್ಟಿ, ಏನಂತೆ ಎಂದಳು. ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳಿದೆ, ಒದ್ದೆ ಕಲ್ಲಿನ ಮಾತನ್ನೂ. ಅವಳು ಬೂಶ್ತಾನ ಬಟ್ಟೆ ಸುತ್ತಿದ ಕೈಯನ್ನೇ ಬಹಳ ಹೊತ್ತು ನೋಡಿದಳು.

“ಆ ಕಾರಿನೋನು ಇಳೀಲೂ ಇಲ್ಲ. ಈ ಹುಡುಗ ಚರ್ಮ ಸುಲ್ಕೊಂಡು ನಮ್ಮನೇಗ್ ಬಂದು ಕೂತಿದಾನೆ” ಎಂದಳು, ಕಿವಿ ಹೋದವರ ಆ ಜೋರು ದನಿಯಲ್ಲಿ. “ಸಾಯೋದಾದ್ರೆ ನನ್ ಮುಖ ನೋಡೋರ ಮಧ್ಯೆ ಸಾಯ್ತೀನಿ. ಬೀಗ ಇಲ್ಲಿ ಕೊಡು.”

ಕೊಟ್ಟೆ. ಅವಳು ಅದನ್ನು ಕನ್ಝಾಳ ಅಂಗಳದ ಬಾವಿಗೆ ಹಾಕಿದಳು.

ಮಾರನೆಯ ಬೆಳಗ್ಗೆ ಹಲಗೆ ಹೊತ್ತು ಹೊರಟಳು. ನಾನು ಬಾಗಿಲಲ್ಲಿ ನಿಂತೆ. ಮೇಲಿನಿಂದ ಗೊರಸಿನ ಸದ್ದು ಬಂತು, ಕೂಗು ಬರಲಿಲ್ಲ. ಆಮೇಲೆ ಗೊರಸೂ ನಿಂತಿತು. ಇಡೀ ಓಣಿ ಉಸಿರು ಹಿಡಿದಂತೆ ಸುಮ್ಮನಾಯಿತು. ತಿರುಗಿ ನೋಡಿದರೆ ಇಳಿಜಾರಿನುದ್ದಕ್ಕೂ ಒಂದರ ಹಿಂದೆ ಒಂದು ಹೇಸರಗತ್ತೆ, ಹೇರು ಹೊತ್ತು ನಿಂತಿವೆ. ಕೆಳಗೆ ಕನ್ಝಾ ಬೇಗಬೇಗ ಹೋಗಿ ತಾಮುವಿನ ಹೆಗಲು ಮುಟ್ಟಿದಳು.

ಈಗಲೂ ಕೂಗು ಕೇಳುತ್ತಿರುವಷ್ಟು ಹೊತ್ತು ನಾನು ನೆಮ್ಮದಿಯಾಗಿರುತ್ತೇನೆ. ಓಣಿ ಸುಮ್ಮನಾದರೆ ತಾಮು ನಡೆಯುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಮಳೆಗಾಲದಲ್ಲಿ, ಕಲ್ಲು ಒದ್ದೆಯಿದ್ದಾಗ, ಓಣಿಗಿಳಿದು ಗೋಡೆ ಹಿಡಿದು ನಿಲ್ಲುತ್ತೇನೆ. ಬೆಂದ ರೊಟ್ಟಿಯ ವಾಸನೆ ತಿರುವಿನಿಂದ ಮೊದಲು ಬರುತ್ತದೆ. ಅವಳು ಕಾಣುವವರೆಗೆ ಗೋಡೆ ಬಿಡುವುದಿಲ್ಲ.