ಜವುಗಿನ ಕಡೆಯ ಚೂರುಗಳು

ನಮ್ಮ ರಾಕೆಟ್ ಎಂಜಿನ್ನಿಗೆ ಒಂದು ಒಳ್ಳೆಯ ಗುಣವಿತ್ತು. ಅದು ಯಾರನ್ನೂ ಕಾಯಿಸುತ್ತಿರಲಿಲ್ಲ. ಹೊತ್ತಿಸಿದ ಕೂಡಲೇ ಒಮ್ಮೆ ಕಿರುಚಿ ಸಿಡಿಯುತ್ತಿತ್ತು. ಕ್ಯಾಂಟೀನಿನ ಅಡುಗೆಯವರು ಸೂಪಿಗೆ ಧೂಳು ಬೀಳದಂತೆ ಮುಚ್ಚಳ ಹಾಕುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಆಮೇಲೆ ಎಲ್ಲರೂ ಬುಟ್ಟಿ ಹಿಡಿದು ಕಾಡಿಗೆ ಹೋಗಿ ಚೂರು ಆರಿಸಿ ತರುತ್ತಿದ್ದರು. ಅವನ್ನು ಷೆಡ್ಡಿನ ನೆಲದ ಮೇಲೆ ಎಂಜಿನ್ನಿನ ಆಕಾರಕ್ಕೆ ಜೋಡಿಸುವುದು ನನ್ನ ಕೆಲಸ. ಮೊದಲು ಅದು ನನ್ನ ಗಂಡ ಮಿತ್ಯಾನ ಕೆಲಸವಾಗಿತ್ತು. ಫೆಬ್ರವರಿಯಲ್ಲಿ ನ್ಯುಮೋನಿಯಾದಿಂದ ಅವನು ಹೋದ. ನಾನು ಲೋಹಶಾಸ್ತ್ರ ಓದಿದ್ದೆ. ಆ ಜಾಗ ನನಗೆ ಬಂತು.

ಸೆಪ್ಟೆಂಬರಿನಲ್ಲಿ ಮಾಸ್ಕೋದ ತನಿಖೆಯವರು ಬರುವುದು ಗೊತ್ತಾಯಿತು. ಸೋಮವಾರದೊಳಗೆ ಸಿಡಿತದ ಕಾರಣ ಹೇಳದಿದ್ದರೆ ಎಂಜಿನ್ ಬೇರೆ ಕಚೇರಿಯ ಪಾಲು. ಅದನ್ನು ರೂಪಿಸಿದ ನಮ್ಮ ಮುಖ್ಯಸ್ಥ ರೋದಿಯೋನ್ ಸವೇಲ್ಯೆವಿಚ್ ಊಟ ಬಿಟ್ಟು, ಜೇಬಿನಲ್ಲಿಟ್ಟ ಉಪ್ಪುಸೌತೆ ಕಡಿಯುತ್ತ ಓಡಾಡುತ್ತಿದ್ದರು.

"ನೋಡಮ್ಮ ಕ್ಸೇನಿಯಾ, ಎಲ್ಲಾ ಚೂರೂ ಇಂಧನದ ಕೊಳವೆ ಕಡೇದೇ. ರೋಗ ಅಲ್ಲೇ ಇರೋದು. ಕೊಳವೆ ಇನ್ನೂ ದಪ್ಪ ಮಾಡೋಣ."

"ಇನ್ನೂ ದಪ್ಪ ಮಾಡಿದ್ರೆ ಒಳಗೆ ಬೆಕ್ಕು ಮರಿ ಹಾಕತ್ತೆ, ರೋದಿಯೋನ್ ಸವೇಲ್ಯೆವಿಚ್," ಎಂದ ಮೆಕ್ಯಾನಿಕ್ ತಿಖೋನ್.

ನಾನು ನೆಲ ನೋಡಿದೆ. ಎಂಜಿನ್ನಿನ ಒಂದು ಮಗ್ಗುಲು ತುಂಬಿತ್ತು, ಆಮ್ಲಜನಕದ ಪಂಪಿದ್ದ ಇನ್ನೊಂದು ಖಾಲಿ. ತಿಖೋನನ ಬುಟ್ಟಿಯಲ್ಲಿ ಚೂರುಗಳ ಪಕ್ಕ ದಪ್ಪ ಅಣಬೆಗಳಿದ್ದವು.

"ತಿಖೋನ್ ಅಣ್ಣ, ಈ ಚೂರು ಎಲ್ಲಿ ಸಿಕ್ತು?"

"ಬರ್ಚ್ ಮರಗಳ ಹತ್ರ."

"ಇದು?"

"ಅಲ್ಲೇ."

"ಅಣಬೆ?"

"ಬರ್ಚ್ ಬುಡದಲ್ಲಲ್ದೆ ಇನ್ನೆಲ್ಲಿ ಬೆಳೆಯತ್ತಮ್ಮ?"

"ಆ ಕಡೆ ಜವುಗಿಗೆ ಯಾರು ಹೋಗಿದ್ರಿ?"

ರೋದಿಯೋನ್ ಸವೇಲ್ಯೆವಿಚ್ ಸೌತೆಯನ್ನು ಜೇಬಿಗೆ ಹಾಕಿಕೊಂಡರು.

"ಅಲ್ಲಿ... ಏನೂ ಬೆಳೆಯಲ್ವಲ್ಲ," ಎಂದರು.

ಹೋದ ವರ್ಷ ಜವುಗಿಗೆ ಹೋಗುತ್ತಿದ್ದವನು ಮಿತ್ಯಾ ಒಬ್ಬನೇ. ಅವನಿಗೆ ಅಣಬೆ ಕಂಡರಾಗದು. ಅಣಬೆಗೆ ಜೀವ ಬಿಡುವ ನಮ್ಮ ರಷ್ಯನ್ನರಲ್ಲಿ ಅದು ಹೇಳಿಕೊಳ್ಳುವ ಮಾತಲ್ಲ. "ಗೂಢಚಾರನೇನೋ ನೀನು?" ಎಂದು ತಿಖೋನನೇ ಅವನನ್ನು ಕಾಡಿಸುತ್ತಿದ್ದ.

ಮಿತ್ಯಾನ ರಬ್ಬರ್ ಬೂಟು ಇನ್ನೂ ಬಾಗಿಲ ಹಿಂದೆ ಇತ್ತು. ನನಗದು ದೊಡ್ಡದು, ಎರಡು ಜೊತೆ ಕಾಲುಚೀಲದ ಮೇಲೆ ಹಾಕಿಕೊಂಡು ಹೊರಟೆ. ಉಳಿದವರು ಹಿಂದೆ ಬಂದರು. ಮುಖ್ಯಸ್ಥರ ಒಂದು ಬೂಟನ್ನು ಜವುಗು ನುಂಗಿತು.

"ಬೂಟು ಹೋಗಿದ್ದಕ್ಕೂ ಸೋಮವಾರ ಕಾರಣ ಕೊಡ್ಬೇಕಾ, ಇಲ್ಲ ಎಂಜಿನ್ದೊಂದೇ ಸಾಕಾ?" ಎಂದ ತಿಖೋನ್.

"ಬಾಯ್ಮುಚ್ಕೊಂಡು ಹುಡುಕೋ!"

ಸಂಜೆಯ ಹೊತ್ತಿಗೆ ಆಮ್ಲಜನಕದ ಪಂಪಿನ ಚಕ್ರ ಸಿಕ್ಕಿತು. ಅಂಚು ಮೇಣದಂತೆ ಕರಗಿತ್ತು. ತಿರುಗುವಾಗ ಸುತ್ತಲಿನ ಲೋಹದ ಗೂಡಿಗೆ ಉಜ್ಜಿ ಬೆಂಕಿ ಹತ್ತಿದ್ದು ಗುರುತಿನಲ್ಲೇ ಕಾಣುತ್ತಿತ್ತು. ರೋದಿಯೋನ್ ಸವೇಲ್ಯೆವಿಚ್ ಅದನ್ನು ಕೊರಳಿನ ಮಫ್ಲರಿನಿಂದ ಒರೆಸಿ, ಅಣಬೆ ಆರಿಸುವ ಅಭ್ಯಾಸಬಲದಿಂದ ಮೂಸಿ ನೋಡಿದರು.

ತನಿಖೆಯವರು ಚಕ್ರ ನೋಡಿ, ಹಿಮ ಬೀಳುವವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಪಂಪಿನ ಗೂಡನ್ನು ಕೊಂಚ ಅಗಲ ಮಾಡಿದೆವು. ಮುಂದಿನ ಪರೀಕ್ಷೆಯಲ್ಲಿ ಎಂಜಿನ್ ಭೋರ್ಗರೆಯುತ್ತಲೇ ಇತ್ತು. ಅಡುಗೆಯವರು ಮುಚ್ಚಳ ಹಾಕಿ, ತೆಗೆದು, ಉಪ್ಪು ನೋಡಿ, ಮತ್ತೆ ಹಾಕಿದರಂತೆ. ತನಿಖೆಯವರು ಕೇಳಿದಷ್ಟು ಹೊತ್ತು ಪೂರ್ತಿ ಉರಿದು, ನಿಲ್ಲಿಸುವಾಗ ಸಿಡಿಯಿತು.

"ಹಳೇದು ವಾಸಿಯಾಯ್ತು, ಇದು ಹೊಸ ರೋಗ ಕಣ್ರೋ!" ರೋದಿಯೋನ್ ಸವೇಲ್ಯೆವಿಚ್ ತಿಖೋನನನ್ನು ತಬ್ಬಿಕೊಂಡರು. ಎಂಜಿನ್ ನಮ್ಮಲ್ಲೇ ಉಳಿಯಿತು.

ಈಗ ಎಲ್ಲರೂ ಮೊದಲು ಜವುಗಿಗೇ ಇಳಿಯುತ್ತಾರೆ, ಗೊಣಗುತ್ತ. ನನ್ನ ಬೂಟಿಗೆ ಈಗಲೂ ಎರಡು ಜೊತೆ ಕಾಲುಚೀಲ ಬೇಕು.