ಎಡಗಡೆಯ ಮಾನಿಟರ್

ಭುಜಂಗಣ್ಣನ ಎಡಗಣ್ಣು ಹೋಗಿದೆ ಎಂಬುದು ಮೂವರಿಗೆ ಮಾತ್ರ ಗೊತ್ತಿತ್ತು. ಭುಜಂಗಣ್ಣನಿಗೆ, ಉಡುಪಿಯ ಒಬ್ಬ ಕಣ್ಣಿನ ಡಾಕ್ಟರಿಗೆ, ಮತ್ತೆ ನನಗೆ. ಅವರ ಹೆಂಡತಿ ಪ್ರಫುಲ್ಲಕ್ಕನಿಗೆ ಗೊತ್ತಿರಲಿಲ್ಲ. ಮಗಳು ಯಶ್ಮಿತಾಳಿಗಂತೂ ಗೊತ್ತಾಗಲೇಬಾರದು ಎಂದು ಭುಜಂಗಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೀಗಿರುವಾಗ ಅದೇ ಮಗಳು ಅಪ್ಪನಿಗೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಕೊಡಿಸುತ್ತೇನೆಂದು ಹೊರಟಳು. ಮಾನಿಟರಿನಲ್ಲಿ ನೋಡಿ ಆಡುವುದೋ, ತಲೆಗೆ ಕಟ್ಟಿಕೊಳ್ಳುವ ವಿ.ಆರ್. ಹೆಡ್‌ಸೆಟ್ ಹಾಕಿ ಆಡುವುದೋ ಎಂದು ಪ್ರಶ್ನೆ ಎದ್ದಿತು. ಅವಳಿಗೆ ಅದು ಅಂಗಡಿಯ ವಿಷಯ, ನನಗೆ ಮಾತ್ರ ಆ ವಾರವಿಡೀ ಊಟ ರುಚಿಸಲಿಲ್ಲ.

ನಾನು ಫೌಸ್ಟಿನ್, ಊರು ಕಾಪು. ಕಾರ್ಕಳ–ಉಡುಪಿ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್. ಅದರಲ್ಲಿ ಇಪ್ಪತ್ತೊಂದು ವರ್ಷ ಭುಜಂಗಣ್ಣನೇ ಡ್ರೈವರ್. ನಮ್ಮ ಕಡೆಯ ಬಸ್ಸಿನಲ್ಲಿ ಡ್ರೈವರ್ ನೋಡುವುದು ಮುಂದೆ ಮತ್ತು ಬಲಕ್ಕೆ. ಬಾಗಿಲು ಇರುವುದು ಎಡಗಡೆ, ಬಾಗಿಲಲ್ಲಿ ನೇತಾಡುವುದು ಕಂಡಕ್ಟರ್, ಆದ್ದರಿಂದ ಎಡಗಡೆ ಪೂರ್ತಿ ಕಂಡಕ್ಟರನ ಜವಾಬ್ದಾರಿ. ಒಂದು ವಿಸಿಲ್ ಹಾಕಿದರೆ ನಿಲ್ಲಿಸಬೇಕು, ಎರಡು ಹಾಕಿದರೆ ಹೊರಡಬೇಕು. ಎಡಕ್ಕೆ ಜಾಗ ಉಂಟಾದರೆ "ಬರಡ್, ಬರಡ್" ಎಂದು ತುಳುವಿನಲ್ಲಿ ಕೂಗುತ್ತೇನೆ, ಬರಲಿ ಎಂದು. ಜಾಗ ಇಲ್ಲದಿದ್ದರೆ ಬಸ್ಸಿನ ತಗಡಿಗೆ ಅಂಗೈಯಿಂದ ಪಟಪಟ ಬಡಿಯುತ್ತೇನೆ. ಬಡಿದರೆ ಸಾಕು, ಭುಜಂಗಣ್ಣ ತಿರುಗಿಯೂ ನೋಡದೆ ಸ್ಟೇರಿಂಗನ್ನು ಬಲಕ್ಕೆ ಎಳೆಯುತ್ತಿದ್ದರು. ಅದಕ್ಕೇ ಶುಗರಿನಿಂದ ಅವರ ಎಡಗಣ್ಣು ಮಂಜಾಗಿ, ಆಮೇಲೆ ಕತ್ತಲಾದಾಗ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಒಂದು ತಿಂಗಳು ನನಗೂ ತಿಳಿಯಲಿಲ್ಲ.

ತಿಳಿದ ಮೇಲೂ ಐದು ತಿಂಗಳು ಬಸ್ಸು ಓಡಿಸಿದೆವು. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. "ನೀನಿದ್ದೀಯಲ್ಲ ಮಾರಾಯ, ಎಡಗಡೆಗೆ," ಎಂದು ಅವರು ಹೇಳಿದರೆ ನಾನು ಮೂರ್ಖನ ಹಾಗೆ ಉಬ್ಬುತ್ತಿದ್ದೆ. ಒಂದು ದಿನ ಹಿರಿಯಡ್ಕದ ತಿರುವಿನಲ್ಲಿ ಸೈಕಲ್ಲಿನ ಮುದುಕರೊಬ್ಬರು ಎಡಕ್ಕೆ ಬಂದುಬಿಟ್ಟರು. ನಾನು ಬಡಿದ ಬಡಿತಕ್ಕೆ ಅಂಗೈ ಬಾತುಹೋಯಿತು. ಮುದುಕರಿಗೆ ಏನೂ ಆಗಲಿಲ್ಲ, ನಮ್ಮನ್ನು ಬೈದುಕೊಂಡು ಹೋದರು. ಆ ಸಂಜೆಯೇ ಹೇಳಿದೆ, "ಭುಜಂಗಣ್ಣ, ನಾಳೆ ನೀವು ಇಳೀತೀರೋ, ನಾನು ಇಳಿಯಲೋ?" ಮೊಣಕಾಲು ನೋವು ಎಂದು ಮಾಲೀಕರಿಗೆ ಹೇಳಿ ಅವರು ಇಳಿದರು. ಮನೆಯಲ್ಲೂ ಮೊಣಕಾಲನ್ನೇ ಹೇಳಿದರು.

ಈಗ ಅವರು ಪರ್ಕಳದ ಮನೆಯಲ್ಲಿ ಕೂತು ದಿನವಿಡೀ ಮೊಬೈಲಿನಲ್ಲಿ ವಿಮಾನ ಇಳಿಯುವುದನ್ನು ನೋಡುತ್ತಾರೆ. ಮೊದಲು ಯಶ್ಮಿತಾ ಬಸ್ಸು ಓಡಿಸುವ ಆಟ ತರುತ್ತೇನೆ ಎಂದಿದ್ದಳಂತೆ. ಇವರಿಗೆ ಸಿಟ್ಟು ಬಂತು. "ಬಸ್ಸನ್ನು ಆಟ ಮಾಡ್ಬೇಡ ಮಗಾ. ವಿಮಾನ ಆದ್ರೆ ಆಗಬಹುದು. ಅದಕ್ಕೆ ಹೊಂಡ ಇಲ್ಲ, ಹಂಪ್ ಇಲ್ಲ," ಎಂದರು. ಮಗಳು ಅಷ್ಟಕ್ಕೇ ಖುಷಿಪಟ್ಟಳು, ಯಾಕೆಂದರೆ ಅವರಿಬ್ಬರ ನಡುವೆ ಮಾತೇ ಕಡಿಮೆಯಾಗಿತ್ತು. ಕಳೆದ ವರ್ಷ, ಅಪ್ಪ ಇನ್ನೂ ಬಸ್ಸು ಓಡಿಸುತ್ತಿದ್ದಾಗ, ಕಾರ್ಕಳದ ಒಂದು ಸಂಬಂಧವನ್ನು ಅವಳು ಬೇಡವೆಂದಿದ್ದಳು. ಅಂದಿನಿಂದ ಅಪ್ಪನಿಗೆ ಮಗಳ ಮೇಲೆ ಬೇಸರ, ಮಗಳಿಗೆ ಅಪ್ಪನ ಮೇಲೆ ಬೇಸರ. ಈ ವಿಮಾನದ ನೆಪದಲ್ಲಾದರೂ ಎಲ್ಲ ಸರಿಹೋಗಲಿ ಎಂದು ಅವಳು ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದಳು.

ಒಂದು ಬುಧವಾರ ರಜೆ ಹಾಕಿ ಮಣಿಪಾಲಕ್ಕೆ ಒಬ್ಬನೇ ಹೋದೆ. ಟೈಗರ್ ಸರ್ಕಲ್‌ನಿಂದ ಸ್ವಲ್ಪ ಕೆಳಗೆ ಇಂಥ ಸಾಮಾನಿನ ಅಂಗಡಿ ಉಂಟು. ಅಂಗಡಿಯ ಯಜಮಾನ ನೆವಿಲ್ ನಮ್ಮವನೇ, ಕೊಂಕಣಿಯಲ್ಲಿ ಕೇಳಿದರೆ ಸುಲಭ ಎಂದುಕೊಂಡಿದ್ದೆ. ಅವನ ಕೊಂಕಣಿಯಲ್ಲಿ ಕ್ರಿಯಾಪದ ಮಾತ್ರ ಕೊಂಕಣಿ. ರಿಫ್ರೆಶ್ ರೇಟ್ ಎಂದ, ಫೀಲ್ಡ್ ಆಫ್ ವ್ಯೂ ಎಂದ, ಇನ್ನೂ ಏನೇನೋ ಎಂದ. ನಾನು ಎಲ್ಲದಕ್ಕೂ ತಲೆಯಾಡಿಸಿದೆ.

"ಒಬ್ಬನಿಗೆ ಒಂದೇ ಕಣ್ಣು ಉಂಟು ಅಂತ ಇಟ್ಟುಕೋ," ಎಂದೆ ಕೊನೆಗೆ. "ಅವನಿಗೆ ಯಾವುದು ಒಳ್ಳೆಯದು?"

ನೆವಿಲ್ ನನ್ನ ಕಣ್ಣುಗಳನ್ನು ಒಂದೊಂದಾಗಿ ನೋಡಿದ. "ನಿಮ್ಮದು ಯಾವ ಕಣ್ಣು ಅಂಕಲ್?"

"ನನ್ನದಲ್ಲ ಮಾರಾಯ. ಸುಮ್ಮನೆ ಕೇಳಿದ್ದು."

ಅವನು ನಂಬಲಿಲ್ಲ, ಆದರೂ ವಿವರಿಸಿದ. ಹೆಡ್‌ಸೆಟ್ಟಿನಲ್ಲಿ ಕಣ್ಣಿಗೊಂದರಂತೆ ಎರಡು ಚಿತ್ರವಂತೆ, ಎರಡೂ ಸೇರಿದರೆ ಮಾತ್ರ ದೂರ ಹತ್ತಿರ ನಿಜದಂತೆ ಕಾಣುವುದಂತೆ. ಒಂದೇ ಕಣ್ಣಿನವನಿಗೆ ಆ ಮಜಾ ಇಲ್ಲ. "ಆದರೆ ಕುತ್ತಿಗೆ ತಿರುಗಿಸಿದರೆ ಎಲ್ಲ ಕಡೆ ಕಾಣ್ತದೆ. ಹಾಗೆ ನೋಡಿದರೆ ಅವನಿಗೆ ಹೆಡ್‌ಸೆಟ್ಟೇ ಒಳ್ಳೆಯದು," ಎಂದ. ನನಗೆ ಸಮಾಧಾನವಾಗುವಷ್ಟರಲ್ಲಿ ಇನ್ನೊಂದು ಹೇಳಿದ. ಹಾಕುವ ಮೊದಲು ಎಡಗಣ್ಣಿಗೆ ಸರಿಯಾಗಿ ಕಾಣುತ್ತದಾ, ಬಲಗಣ್ಣಿಗೆ ಕಾಣುತ್ತದಾ ಎಂದು ಅವನು ಪ್ರತಿಯೊಬ್ಬರನ್ನೂ ಕೇಳಿ ಸರಿಹೊಂದಿಸುತ್ತಾನಂತೆ. ಮಾನಿಟರಿಗೆ ಅಂಥದ್ದೇನೂ ಇಲ್ಲ, ಎಡ, ನಡು, ಬಲ ಎಂದು ಮೂರು ಇಟ್ಟು ಎದುರು ಕೂತರೆ ಆಯಿತು.

ಅಂದರೆ ಕಣ್ಣಿಗೆ ಒಳ್ಳೆಯದು ಹೆಡ್‌ಸೆಟ್, ಗುಟ್ಟಿಗೆ ಒಳ್ಳೆಯದು ಮಾನಿಟರ್. ಯಾವುದನ್ನು ಹೇಳಲಿ? ಭುಜಂಗಣ್ಣನನ್ನು ಕಂಡು ಹೋಗುವ ಎಂದು ಬಸ್ಸು ಹತ್ತಿದವನು ಪರ್ಕಳದಲ್ಲಿ ಇಳಿಯುವುದನ್ನು ಮರೆತು ಹಿರಿಯಡ್ಕದವರೆಗೆ ಹೋದೆ. ನನ್ನದೇ ರೂಟಿನಲ್ಲಿ ಸ್ಟಾಪು ತಪ್ಪಿಸಿಕೊಂಡ ಕಂಡಕ್ಟರ್ ನಾನೊಬ್ಬನೇ ಇರಬೇಕು.

ಭಾನುವಾರ ಪರ್ಕಳದ ಮನೆಯಲ್ಲಿ ಚರ್ಚೆ ನಡೆಯಿತು. ಯಶ್ಮಿತಾ ಹೆಡ್‌ಸೆಟ್ ಎಂದಳು. ಮನೆಯಲ್ಲಿ ಇರುವುದು ಒಂದು ಮೇಜು, ಮೂರು ಮಾನಿಟರ್ ಇಟ್ಟರೆ ಊಟಕ್ಕೆ ನೆಲವೇ ಗತಿ ಎಂದಳು. ಮಾತು ಸರಿಯಾಗಿಯೇ ಇತ್ತು. ಭುಜಂಗಣ್ಣ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ನಾನು ತಲೆಗೆ ಎಣ್ಣೆ ಹಾಕ್ತೇನಲ್ಲ," ಎಂದರು ಭುಜಂಗಣ್ಣ.

"ಒರೆಸಿದರಾಯ್ತು ಪಪ್ಪ."

"ಸೆಕೆ ಆಗ್ತದೆ," ಎಂದೆ ನಾನು.

"ಫ್ಯಾನ್ ಉಂಟಲ್ಲ ಅಂಕಲ್?"

"ಕುತ್ತಿಗೆ ನೋವು ಬರ್ತದಂತೆ. ನಾನು ಕೇಳಿದ್ದೇನೆ," ಎಂದೆ.

"ಬಂದದ್ದು ಮೊಣಕಾಲಿಗಲ್ವಾ? ಕುತ್ತಿಗೆಗೆ ಎಂತ ಆಗಿದೆ?" ಯಶ್ಮಿತಾ ಇಬ್ಬರನ್ನೂ ನೋಡಿದಳು. "ನೀವಿಬ್ಬರೂ ಎಂತಕ್ಕೆ ಹೀಗೆ ಮಾಡ್ತೀರಿ? ಒಮ್ಮೆ ಎರಡನ್ನೂ ನೋಡಿ ಬರುವ. ನೋಡದೆ ಬೇಡ ಅಂದರೆ ಹೇಗೆ?"

ಮರುದಿನ ಸಂಜೆ ಮೂವರೂ ನೆವಿಲ್‌ನ ಅಂಗಡಿಗೆ ಹೋದೆವು. ನಾನು ಅವನಿಗೆ ಕಣ್ಣು ಮಿಟುಕಿಸಿ ಸುಮ್ಮನಿರು ಎಂದು ಸೂಚಿಸಿದೆ. ಅವನು ಅದನ್ನು ನನ್ನ ಕಣ್ಣಿನ ಕಾಯಿಲೆ ಎಂದುಕೊಂಡು ಕನಿಕರದಿಂದ ಕುರ್ಚಿ ಕೊಟ್ಟ. ಮೊದಲು ಮಾನಿಟರ್ ನೋಡುವ ಎಂದು ನಾನೇ ಅವಸರ ಮಾಡಿದೆ. ಅದೇ ಇಷ್ಟವಾದರೆ ಹೆಡ್‌ಸೆಟ್ಟಿನ ಮಾತೇ ಬರುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಮೂರು ಮಾನಿಟರುಗಳನ್ನು ಅರ್ಧ ಸುತ್ತು ಬರುವಂತೆ ಜೋಡಿಸಿದ್ದರು. ಎದುರಿಗೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ರನ್‌ವೇ. ಪೈಲಟ್ ಕೂರುವುದು ಎಡಗಡೆ ಸೀಟಿನಲ್ಲಿ ಎಂದು ನೆವಿಲ್ ಹೇಳಿದಾಗ ಭುಜಂಗಣ್ಣ ಒಪ್ಪಲಿಲ್ಲ.

"ಡ್ರೈವರ್ ಎಡಗಡೆ ಕೂತರೆ ಕಂಡಕ್ಟರ್ ಎಲ್ಲಿ ನಿಲ್ಲುವುದು?"

ಯಶ್ಮಿತಾ ಬಾಯಿ ಮುಚ್ಚಿಕೊಂಡು ನಕ್ಕಳು. ನೆವಿಲ್ ಬಲಗಡೆ ಸೀಟಿಗೆ ಬದಲಿಸಿ ಕೊಟ್ಟ. ಭುಜಂಗಣ್ಣ ಸ್ಟೇರಿಂಗಿನಂಥದ್ದನ್ನು ಹಿಡಿದರು. ಒಂದು ವರ್ಷದಿಂದ ನೋಡದಿದ್ದ ಒಂದು ಕಳೆ ಅವರ ಮುಖಕ್ಕೆ ಬಂತು. ಆದರೆ ವಿಮಾನ ಮಾತ್ರ ಹೊರಡಲಿಲ್ಲ. "ಈ ಲಿವರ್ ಮುಂದೆ ತಳ್ಳಿ ಸರ್," ಎಂದು ನೆವಿಲ್ ಎರಡು ಸಲ ಹೇಳಿದ. ಭುಜಂಗಣ್ಣ ಕಾಯುತ್ತಿದ್ದರು. ಯಾಕೆಂದು ನನಗೆ ಅರ್ಥವಾಯಿತು. ಅವರ ಎಡಕ್ಕೆ ನಿಂತು ನಾಲಿಗೆಯಲ್ಲೇ ಎರಡು ವಿಸಿಲ್ ಹಾಕಿದೆ. ವಿಮಾನ ಹೊರಟಿತು.

ಆಮೇಲೆ ನಾನು ಅಂಗಡಿಯಲ್ಲಿದ್ದೇನೆ ಎಂಬುದೇ ನನಗೆ ಮರೆತುಹೋಯಿತು. ರನ್‌ವೇಗೆ ಹೋಗುವ ದಾರಿಯಲ್ಲಿ ಎಡಗಡೆಯ ಮಾನಿಟರಿನಲ್ಲಿ ಒಂದು ಎಣ್ಣೆ ಟ್ಯಾಂಕರ್ ಕಾಣಿಸಿತು. ರೆಕ್ಕೆ ತಾಗುವ ಹಾಗಿತ್ತು. ನನ್ನ ಕೈ ತಾನಾಗಿ ಮೇಜಿಗೆ ಪಟಪಟ ಬಡಿಯಿತು. ಭುಜಂಗಣ್ಣ ಎಡಕ್ಕೆ ನೋಡದೆ ಬಲಕ್ಕೆ ಎಳೆದರು. "ಬರಡ್, ಬರಡ್," ಎಂದೆ. ನೆವಿಲ್ ಬೆರಗಾಗಿ "ಇವರಿಗೆ ಮೊದಲೇ ಅಭ್ಯಾಸ ಉಂಟಾ?" ಎಂದ. ವಿಮಾನ ಮೇಲೇರಿತು, ಸಮುದ್ರದ ಕಡೆ ತಿರುಗಿತು. ಕಾಪುವಿನ ದೀಪಸ್ತಂಭ ಹುಡುಕಲು ನಾನು ಮುಂದೆ ಬಾಗಿದೆ. ಆಗ ನನ್ನ ಕಾಲು ಮೇಜಿನ ಕೆಳಗಿನ ವಯರಿಗೆ ಸಿಕ್ಕಿಕೊಂಡಿತು. ಎಡಗಡೆಯ ಮಾನಿಟರ್ ಕಪ್ಪಾಯಿತು.

ನೆವಿಲ್ "ಅಯ್ಯೋ" ಎಂದು ಮುಂದೆ ಬಂದ. ಯಶ್ಮಿತಾ ಕೈ ಅಡ್ಡ ಹಿಡಿದು ಅವನನ್ನು ತಡೆದಳು. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಮೂರರಲ್ಲೊಂದು ಮಾನಿಟರ್ ಆರಿಹೋಗಿದ್ದರೂ ಭುಜಂಗಣ್ಣ ಖುಷಿಯಿಂದ ಹಾರಿಸುತ್ತಲೇ ಇದ್ದರು. "ಎಡಗಡೆ ಹೇಗೆ ಉಂಟು ಫೌಸ್ಟಿನ್?" ಎಂದು ಕೇಳಿದರು. ಕಪ್ಪು ಗಾಜಿನಲ್ಲಿ ನನ್ನದೇ ಮುಖ ಕಾಣುತ್ತಿತ್ತು.

ಯಶ್ಮಿತಾ ನನ್ನನ್ನು ಮೆಲ್ಲಗೆ ಸರಿಸಿ ಅಪ್ಪನ ಎಡಭುಜದ ಪಕ್ಕ ನಿಂತಳು. ಕೈ ಎತ್ತಿ ಅವರ ಕೆನ್ನೆಯ ಹತ್ತಿರ ಆಡಿಸಿದಳು. ಒಮ್ಮೆ, ಮತ್ತೊಮ್ಮೆ. ಭುಜಂಗಣ್ಣನ ರೆಪ್ಪೆ ಅಲ್ಲಾಡಲಿಲ್ಲ.

"ಪಪ್ಪ, ನಾನು ಎಲ್ಲಿದ್ದೇನೆ?"

ಭುಜಂಗಣ್ಣ ಬೆಚ್ಚಿ ಪೂರ್ತಿ ತಿರುಗಿದರು. ಮಗಳ ಮುಖ, ಅವಳು ಎತ್ತಿದ್ದ ಕೈ, ಅದರ ಹಿಂದಿನ ಕಪ್ಪು ಮಾನಿಟರ್ ಎಲ್ಲವನ್ನೂ ನೋಡಿದರು. ಎದುರಿಗೆ ವಿಮಾನ ಸಮುದ್ರಕ್ಕೆ ಬಿತ್ತು. ನೆವಿಲ್ ಹೋಗಿ ಸದ್ದು ಆರಿಸಿ ಬಂದ.

"ಯಾವಾಗಿನಿಂದ?" ಎಂದಳು ಯಶ್ಮಿತಾ.

ನಾನು ಹೇಳಿದೆ. ಡ್ರೈವರ್ ಕೆಲಸ ಬಿಡುವ ಆರು ತಿಂಗಳು ಮೊದಲಿನಿಂದ, ಎಂದೆ. ಅವಳ ಮುಖ ಕೆಂಪಾಯಿತು.

"ನಿಮಗೆ ಗೊತ್ತಿತ್ತು ಅಂಕಲ್. ಬಸ್ಸಿನ ತುಂಬ ಜನ ಇದ್ದರು. ನಿಮಗೆ ಗೊತ್ತಿದ್ದೂ ವಿಸಿಲ್ ಹಾಕಿದ್ರಿ."

"ತಪ್ಪಾಯ್ತು," ಎಂದೆ. ಅವಳು ಇನ್ನೂ ಬೈಯುತ್ತಾಳೆ ಎಂದು ಕಾದೆ, ಬೈದರೆ ನನಗೂ ಹಗುರಾಗುತ್ತಿತ್ತು. ಅವಳು ಅಪ್ಪನ ಕಡೆ ತಿರುಗಿದಳು. ಏನೋ ಹೊಳೆದವಳಂತೆ ಅವಳ ಸ್ವರ ಇಳಿಯಿತು.

"ಹಾಗಾದರೆ ನೀವು ನನ್ನನ್ನು ನೋಡ್ಲೇ ಇಲ್ವಾ? ಸಿಟ್ಟಿನಲ್ಲಿ ಮುಖ ತಿರುಗಿಸಿದ್ದು ಅಂತ ನಾನು ತಿಳ್ಕೊಂಡದ್ದು."

"ಎಲ್ಲಿ ಮಗಾ?"

"ಬಸ್ಸಲ್ಲಿ. ಬೆಳಿಗ್ಗೆ ಕೆಲಸಕ್ಕೆ ಹೋಗಲು ಪರ್ಕಳದಲ್ಲಿ ಹತ್ತುವಾಗ."

ಭುಜಂಗಣ್ಣನಿಗೆ ಏನೂ ತಿಳಿಯಲಿಲ್ಲ. "ನೀನು ನನ್ನ ಬಸ್ಸಲ್ಲಿ ಬರ್ತಿದ್ದಿಯಾ? ಆ ಸಂಬಂಧದ ಮಾತಾದ ಮೇಲೆ ನನ್ನ ಬಸ್ಸು ಬೇಡ ಅಂತ ಬೇರೆಯದ್ರಲ್ಲಿ ಹೋಗ್ತಿ ಅಂತ ನಾನು ತಿಳ್ಕೊಂಡದ್ದು. ಅದೇ ನನಗೆ ಬೇಜಾರು."

"ಒಂದು ದಿನವೂ ತಪ್ಪಿಸಲಿಲ್ಲ ಪಪ್ಪ. ಬಾಗಿಲಿನ ಹತ್ತಿರ ಎಡಗಡೆ ಮೊದಲ ಸೀಟು. ಕೂತು ನಿಮ್ಮನ್ನು ನೋಡಿ ನಗ್ತಿದ್ದೆ. ನೀವು ತಿರುಗಿಯೂ ನೋಡ್ಲಿಲ್ಲ."

ಭುಜಂಗಣ್ಣ ಮಗಳ ಕೈ ಹಿಡಿದುಕೊಂಡರು. ಕಾಣುವ ಕಣ್ಣಿನಲ್ಲೂ ಕಾಣದ ಕಣ್ಣಿನಲ್ಲೂ ನೀರು ಬಂತು. ಯಾವುದನ್ನು ಪ್ಯಾಕ್ ಮಾಡಲಿ ಎಂದು ನೆವಿಲ್ ಮೆಲ್ಲಗೆ ಕೇಳಿದ. ಇವತ್ತು ಎಂತದೂ ಬೇಡ, ಮೊದಲು ಕಣ್ಣಿನ ಡಾಕ್ಟರ್ ಎಂದಳು ಯಶ್ಮಿತಾ. ಆಮೇಲೆ ಅಪ್ಪ ಮಗಳು ಇಬ್ಬರೂ ನನ್ನ ಕಡೆ ನೋಡಿದರು.

ಆ ಆರು ತಿಂಗಳು ಪರ್ಕಳದಲ್ಲಿ ಅವಳು ಹತ್ತಿ ಕೂತ ಮೇಲೆ ಎರಡು ವಿಸಿಲ್ ಹಾಕಿದ್ದು ನಾನೇ. ಎಡಕ್ಕೆ ಲಾರಿ ಬಂದರೆ ಹೇಳಿದೆ, ರಿಕ್ಷಾ ಬಂದರೆ ಹೇಳಿದೆ, ರಸ್ತೆ ಬದಿಯಲ್ಲಿ ದನ ನಿಂತರೂ ಹೇಳಿದೆ. ಎಡಗಡೆ ನಿಮ್ಮ ಮಗಳು ಕೂತಿದ್ದಾಳೆ ಎಂದು ಒಂದು ದಿನವೂ ಹೇಳಲಿಲ್ಲ.